ಕೊಳವೆ ಮತ್ತು ಕೋಲು

1799ನೆಯ ಇಸವಿಯ ಮೇ ತಿಂಗಳ 4ನೆಯ ದಿನ ಶ್ರೀರಂಗಪಟ್ಟಣದ ಕೋಟೆ ಬಿದ್ದಿತು. ಗೆದ್ದ ಸೈನ್ಯ ಮಾಡುವ ಮೊದಲ ಕೆಲಸ ಲೂಟಿ, ಎರಡನೆಯ ಕೆಲಸ ಪಟ್ಟಿ ಬರೆಯುವುದು. ಇಂಗ್ಲಿಷರು ಎರಡನ್ನೂ ಅಚ್ಚುಕಟ್ಟಾಗಿ ಮಾಡಿದರು. ಕೋಟೆಯೊಳಗೆ ಸಿಕ್ಕಿದ ಯುದ್ಧಸಾಮಗ್ರಿಯ ಲೆಕ್ಕದಲ್ಲಿ ಬಾಣಗಳ ವಿಷಯವಾಗಿ ಮೂರು ಅಂಕಿಗಳು ದೊರೆಯುತ್ತವೆ. ಬಾಣಗಳನ್ನು ಹಾರಿಸುವ ಸಾಧನಗಳು 600. ಹಾರಿಸಲು ಸಿದ್ಧವಾಗಿದ್ದ ಬಾಣಗಳು 700. ಮದ್ದು ತುಂಬದ ಬರಿಯ ಕೊಳವೆಗಳು 9,000. ಇತಿಹಾಸದ ಪುಸ್ತಕಗಳು ಈ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಂದೆ ಹೋಗುತ್ತವೆ. ನನ್ನ ಮನಸ್ಸು ಮಾತ್ರ ಹಲವು ವರ್ಷಗಳಿಂದ ಆ ಮೂರನೆಯ ಅಂಕಿಯ ಬಳಿಯೇ ನಿಂತುಬಿಟ್ಟಿದೆ. ಒಂಬತ್ತು ಸಾವಿರ ಕೊಳವೆಗಳು ಇದ್ದೂ ಅವು ಬಾಣಗಳಾಗಿರಲಿಲ್ಲ. ಕೊಳವೆ ಬಾಣವಾಗಬೇಕಾದರೆ ಅದಕ್ಕೆ ಇನ್ನೇನು ಕೂಡಬೇಕು, ಹೇಗೆ ಕೂಡಬೇಕು, ಅದನ್ನು ಕೂಡಿಸುತ್ತಿದ್ದವರು ಏನನ್ನು ಬಲ್ಲವರಾಗಿದ್ದರು? ಈ ಹೊತ್ತು ನಾನು ಮಾತಾಡಬೇಕೆಂದಿರುವುದು ಇದನ್ನು ಕುರಿತು.

ಮೈಸೂರಿನ ಬಾಣಗಳ ಪ್ರಸ್ತಾಪ ಬಂದಾಗಲೆಲ್ಲ ಮಾತು ಬಹುಬೇಗ ಟಿಪ್ಪುವಿನ ಗುಣದೋಷಗಳ ಕಡೆಗೆ ಹೊರಳಿಬಿಡುತ್ತದೆ. ಹೊಗಳುವವರು, ‘ಜಗತ್ತಿಗೇ ಮೊದಲ ರಾಕೆಟ್ಟನ್ನು ಕೊಟ್ಟವರು ನಾವು’ ಎನ್ನುತ್ತಾರೆ. ತೆಗಳುವವರಿಗೆ ಬಾಣದ ಮಾತೇ ಬೇಕಾಗಿಲ್ಲ. ಇಬ್ಬರೂ ಸೇರಿ ಮರೆತದ್ದು ಬಾಣವನ್ನೇ. ಮೊದಲನೆಯವರ ಮಾತು ನಿಜವೂ ಅಲ್ಲ. ಮದ್ದಿನ ಬಾಣ ಚೀನ ದೇಶದಲ್ಲಿ ನೂರಾರು ವರ್ಷ ಮೊದಲೇ ಹಾರಿತ್ತು. ಮೈಸೂರಿನವರು ಮಾಡಿದ್ದು ಬೇರೆಯದೇ ಒಂದು ಕೆಲಸ. ಅದು ಹೊಗಳಿಕೆಗಿಂತ ಹೆಚ್ಚಾಗಿ ತಿಳಿವಳಿಕೆಯನ್ನು ಬೇಡುವಂಥದು.

ನಾನು ಇರುವುದು ಕೃಷ್ಣೆಯ ದಡದ ನಾರಾಯಣಪುರದಲ್ಲಿ. ಕಾವೇರಿಯ ನಡುಗಡ್ಡೆಯಾದ ಶ್ರೀರಂಗಪಟ್ಟಣ ಇಲ್ಲಿಂದ ಬಹು ದೂರ. ಆದರೂ ಬಾಣ ಎಂಬ ಮಾತು ನಮ್ಮ ಸೀಮೆಗೆ ಹೊಸದಲ್ಲ. ಬಿಲ್ಲಿನಿಂದ ಹೊರಟದ್ದೂ ಬಾಣ, ಮದ್ದಿನ ಬಲದಿಂದ ಹೊರಟದ್ದೂ ಬಾಣ. ಜಾತ್ರೆಯ ರಾತ್ರಿ ಆಕಾಶಕ್ಕೆ ಚಿಮ್ಮುವುದನ್ನು ಬಾಣಬಿರುಸು ಎನ್ನುತ್ತೇವೆ. ದಖ್ಖಣದ ಯುದ್ಧಗಳ ವೃತ್ತಾಂತವನ್ನು ಪಾರಸಿಯಲ್ಲಿ ಬರೆದವರೂ ಮದ್ದಿನ ಬಾಣಕ್ಕೆ ‘ಬಾನ್’ ಎಂದೇ ಬರೆದರು. 1657ರಲ್ಲಿ ರಾಜಕುಮಾರನಾಗಿದ್ದ ಔರಂಗಜೇಬನು ಬೀದರಿನ ಕೋಟೆಯನ್ನು ಮುತ್ತಿದಾಗ, ಮೊಗಲರ ಕಡೆಯಿಂದ ಹಾರಿಬಂದ ಬಾಣದ ಕಿಡಿಯೊಂದು ಬುರುಜಿನ ಹಿಂದೆ ಇರಿಸಿದ್ದ ಮದ್ದಿಗೆ ತಗುಲಿತು. ಕೋಟೆಯ ಅಧಿಪತಿಯಾಗಿದ್ದ ಸಿದ್ದಿ ಮರ್ಜಾನನು ಆ ಬೆಂಕಿಯಲ್ಲಿ ಬೆಂದು ಪ್ರಾಣ ನೀಗಿದನು, ಕೋಟೆ ಮೊಗಲರ ಕೈಸೇರಿತು. ಅದೇ ಔರಂಗಜೇಬನು ಮುದಿ ಬಾದಶಹನಾಗಿ ತಾನೇ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ ನಮ್ಮ ಸುರಪುರದ ಮಗ್ಗುಲಿನ ವಾಗಿನಗೇರಿಯದು. 1705ರ ಫೆಬ್ರವರಿಯಿಂದ ಏಪ್ರಿಲಿನವರೆಗೆ ಪಿಡ್ಡನಾಯಕನ ಬೇಡರ ಪಡೆ ಅವನನ್ನು ಆ ಗುಡ್ಡದ ಕೆಳಗೆ ತಡೆದು ನಿಲ್ಲಿಸಿತು. ಮದ್ದು, ಗುಂಡು, ಬಂದೂಕುಗಳ ಬಳಕೆಯಲ್ಲಿ ಬೇಡರು ಎಷ್ಟು ನುರಿತವರು ಎಂಬುದಕ್ಕೆ ಬೇರೆ ಸಾಕ್ಷ್ಯ ಬೇಡ. ಹೈದರಾಲಿ ತಲೆಯೆತ್ತುವುದಕ್ಕೆ ಬಹಳ ಮೊದಲೇ ಈ ನೆಲಕ್ಕೆ ಮದ್ದಿನ ವಾಸನೆ ಗೊತ್ತಿತ್ತು ಎಂಬುದಷ್ಟೇ ನನ್ನ ಮಾತಿನ ತಾತ್ಪರ್ಯ.

ಹಾಗಾದರೆ ಹೈದರನ ಕಾಲದಲ್ಲಿ ಹೊಸದಾಗಿ ನಡೆದದ್ದೇನು? ಮದ್ದು ಹಳೆಯದೇ ಆಗಿತ್ತು. ಪೆಟ್ಲುಪ್ಪು, ಗಂಧಕ, ಇದ್ದಿಲು. ಬದಲಾದದ್ದು ಅದನ್ನು ಹಿಡಿದಿಟ್ಟ ಪಾತ್ರೆ. ಯುರೋಪಿನಲ್ಲಿ ಆಗ ಬಾಣದ ಕೊಳವೆಯನ್ನು ಕಾಗದದ ದಪ್ಪ ಹಲಗೆಯಿಂದ ಸುತ್ತಿ ಮಾಡುತ್ತಿದ್ದರು. ಮೈಸೂರಿನ ಕಮ್ಮಾರರು ಮೆದು ಕಬ್ಬಿಣವನ್ನು ಬಡಿದು ಹಾಳೆ ಮಾಡಿ ಕೊಳವೆಯಾಗಿ ಮಡಿಸಿದರು. ಮದ್ದು ಉರಿದಾಗ ಕೊಳವೆಯೊಳಗೆ ಹುಟ್ಟುವ ಹೊಗೆ ಎಲ್ಲ ದಿಕ್ಕಿಗೂ ಒತ್ತುತ್ತದೆ. ಕಾಗದ ತಾಳುವ ಒತ್ತಡ ಅಲ್ಪ; ಕಬ್ಬಿಣ ಅದರ ಎಷ್ಟೋ ಪಾಲು ತಾಳುತ್ತದೆ. ಒತ್ತಡ ಹೆಚ್ಚಿದಷ್ಟೂ ಹಿಂಬದಿಯ ಕಿರುಬಾಯಿಂದ ಹೊಗೆ ರಭಸವಾಗಿ ನುಗ್ಗುತ್ತದೆ, ಬಾಣ ಅಷ್ಟು ರಭಸದಿಂದ ಮುಂದಕ್ಕೆ ಹೋಗುತ್ತದೆ. ಮೈಸೂರಿನ ಬಾಣ ಒಂದು ಕಿಲೋಮೀಟರಿಗೂ ಮಿಗಿಲಾಗಿ ಹಾರಿದ್ದರ ಗುಟ್ಟು ಇಷ್ಟೇ.

ಇಷ್ಟೇ ಎಂದು ನಾನು ಹೇಳಿದರೂ, ಕಬ್ಬಿಣವನ್ನು ತಂದ ಕೂಡಲೇ ತೊಡಕೂ ಜೊತೆಯಲ್ಲೇ ಬರುತ್ತದೆ. ಕಾಗದದ ಕೊಳವೆ ಹಗುರ, ಅದಕ್ಕೆ ತೆಳು ಕಡ್ಡಿ ಸಾಕು. ಕಬ್ಬಿಣದ ಕೊಳವೆ ಭಾರ. ಅದಕ್ಕೆ ತಕ್ಕ ಕೋಲು ಬೇಕು, ಆ ಕೋಲನ್ನು ಕೊಳವೆಗೆ ಬಿಗಿಯುವ ಕಟ್ಟು ಬೇಕು. ಹೀಗೆ ಒಂದು ಭಾಗ ಬದಲಾದರೆ ಉಳಿದ ಭಾಗಗಳೆಲ್ಲ ತಮ್ಮ ಅಳತೆಯನ್ನು ಬದಲಿಸಿಕೊಳ್ಳಬೇಕಾಗುತ್ತದೆ.

ಲಂಡನ್ನಿನ ವೂಲಿಚ್‌ನಲ್ಲಿದ್ದ ರಾಜ ಫಿರಂಗಿದಳದ ಸಂಗ್ರಹದಲ್ಲಿ ಮೈಸೂರಿನ ಎರಡು ಬಾಣಗಳು ಉಳಿದುಬಂದವು. ಬೆಂಗಳೂರಿನ ವಿಮಾನ ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರಲ್ಲಿ ಮೈಸೂರು ಮತ್ತು ಬ್ರಿಟನ್ನಿನ ಬಾಣಗಳನ್ನು ಕುರಿತು ಬರೆದ ಪ್ರಬಂಧದಲ್ಲಿ ಅವುಗಳ ಅಳತೆಯನ್ನು ಕೊಟ್ಟಿದ್ದಾರೆ. ಒಂದರ ಕೊಳವೆ 58 ಮಿಲಿಮೀಟರ್ ದಪ್ಪ, 254 ಮಿಲಿಮೀಟರ್ ಉದ್ದ. ಅದನ್ನು ತೊಗಲಿನ ಪಟ್ಟಿಗಳಿಂದ 1.02 ಮೀಟರ್ ಉದ್ದದ ನೇರವಾದ ಕತ್ತಿಯ ಅಲಗಿಗೆ ಕಟ್ಟಿದೆ. ಇನ್ನೊಂದರ ಕೊಳವೆ 37 ಮಿಲಿಮೀಟರ್ ದಪ್ಪ, 198 ಮಿಲಿಮೀಟರ್ ಉದ್ದ. ಅದನ್ನು ಕಟ್ಟಿರುವುದು 1.90 ಮೀಟರ್ ಉದ್ದದ ಬಿದಿರಿಗೆ. ಅಂಕಿಗಳನ್ನು ಓದಿ ಸುಮ್ಮನಾಗದೆ ಒಂದರ ಮುಂದೆ ಒಂದನ್ನಿಟ್ಟು ನೋಡಬೇಕು. ಬಿದಿರಿನ ಕೋಲು ತನ್ನ ಕೊಳವೆಯ ಒಂಬತ್ತೂವರೆ ಪಟ್ಟಿಗಿಂತ ಹೆಚ್ಚು ಉದ್ದವಾಗಿದೆ. ಕತ್ತಿಯಾದರೋ ತನ್ನ ಕೊಳವೆಯ ನಾಲ್ಕು ಪಟ್ಟು ಮಾತ್ರ. ಬಿದಿರು ಹಗುರ, ಕಬ್ಬಿಣ ಭಾರ. ಹಗುರವಾದದ್ದು ಉದ್ದವಿರಬೇಕು, ಭಾರವಾದದ್ದು ಗಿಡ್ಡವಿದ್ದರೂ ನಡೆಯುತ್ತದೆ. ತಕ್ಕಡಿಯ ದಂಡವನ್ನು ಬೆರಳ ಮೇಲೆ ನಿಲ್ಲಿಸಿ ನೋಡಿದವರಿಗೆಲ್ಲ ತಿಳಿದ ವಿಷಯವಿದು. ಕಟ್ಟಿದವನಿಗೆ ಗುರುತ್ವಕೇಂದ್ರ ಎಂಬ ಹೆಸರು ಗೊತ್ತಿರಬೇಕಾದ್ದಿಲ್ಲ. ಬಾಣ ಬೆರಳ ಮೇಲೆ ಎಲ್ಲಿ ಸಮತೂಕವಾಗಿ ನಿಲ್ಲುತ್ತದೆ ಎಂಬುದು ಗೊತ್ತಿದ್ದರೆ ಸಾಕು.

ಆ ಬಾಣದಲ್ಲಿ ಕೂಡಿಕೆಗಳು ಮುಖ್ಯವಾಗಿ ಮೂರು. ಮದ್ದು ಕೊಳವೆಯ ಗೋಡೆಗೆ ಕೂಡುವ ಜಾಗ ಒಂದು. ಮದ್ದನ್ನು ಸಡಿಲವಾಗಿ ತುಂಬಿದರೆ ನಡುವೆ ಬಿರುಕು ಉಳಿಯುತ್ತದೆ. ಬೆಂಕಿ ಪದರಪದರವಾಗಿ ಉರಿಯುವುದನ್ನು ಬಿಟ್ಟು ಬಿರುಕಿನುದ್ದಕ್ಕೂ ಓಡಿ, ಎಲ್ಲವೂ ಒಮ್ಮೆಗೇ ಹೊತ್ತಿಕೊಂಡು ಕೊಳವೆ ಸಿಡಿಯುತ್ತದೆ. ಆಗ ಅದು ಕಟ್ಟಿದವರನ್ನೇ ಕೊಲ್ಲುವ ಬಾಂಬು. ಎರಡನೆಯದು ಕೊಳವೆಯ ಹಿಂಬಾಯಿ. ಅದು ಬಿಗಿಯಾಗಿ ಮುಚ್ಚಿದ್ದು, ನಡುವೆ ಹೊಗೆ ಹೊರಡುವ ಕಿರುರಂಧ್ರ ಮಾತ್ರ ಇರಬೇಕು. ರಂಧ್ರ ಸ್ವಲ್ಪ ಓರೆಯಾದರೆ ಹೊಗೆ ಓರೆ, ಹೊಗೆ ಓರೆಯಾದರೆ ದಾರಿಯೂ ಓರೆ. ಮೂರನೆಯದು ಕೊಳವೆ ಮತ್ತು ಕೋಲು ಕೂಡುವ ಜಾಗ.

ಈ ಮೂರನೆಯದರ ಮುಂದೆ ನಾನು ಇನ್ನೂ ಸ್ವಲ್ಪ ಹೊತ್ತು ನಿಲ್ಲಬೇಕು. ತೊಗಲಿನ ಪಟ್ಟಿಯಿಂದ ಕಟ್ಟಿದ್ದು ಎಂದರೆ ಪೇಟೆಯ ಓದುಗರಿಗೆ ಒರಟು ಕೆಲಸ ಎನ್ನಿಸಬಹುದು. ಡೊಳ್ಳಿಗೆ ಚರ್ಮ ಬಿಗಿಯುವುದನ್ನು ಕಂಡವರು ಹಾಗೆ ಹೇಳಲಾರರು. ಹಸಿ ತೊಗಲನ್ನು ನೆನೆಸಿ ಎಳೆದು ಕಟ್ಟಿದರೆ, ಅದು ಒಣಗುತ್ತ ಕುಗ್ಗುತ್ತದೆ. ಕುಗ್ಗುತ್ತ ತಾನಾಗಿಯೇ ಬಿಗಿಯುತ್ತದೆ. ಹಗ್ಗದ ಗಂಟು ಅದುರಿದಾಗ ಸಡಿಲುತ್ತದೆ. ಮೊಳೆ ಹೊಡೆದರೆ ಬಿದಿರು ಸೀಳುತ್ತದೆ, ಕೊಳವೆಯೂ ತೂತಾಗುತ್ತದೆ. ಒಂದು ಕಡೆ ದುಂಡಗಿನ ಕಬ್ಬಿಣ, ಇನ್ನೊಂದು ಕಡೆ ದುಂಡಗಿನ ಬಿದಿರು. ಎರಡು ದುಂಡು ವಸ್ತುಗಳು ಒಂದರ ಮೈಗೆ ಒಂದು ತಗುಲುವುದು ಒಂದು ಗೆರೆಯಷ್ಟು ಮಾತ್ರ. ಆ ಗೆರೆಯ ಮೇಲೆ ಅವು ಹೊರಳದಂತೆ ಹಿಡಿಯಲು, ಇದ್ದ ಸಾಮಗ್ರಿಗಳಲ್ಲಿ ತೊಗಲಿಗಿಂತ ತಕ್ಕದ್ದನ್ನು ಯಾರು ತೋರಿಸಬಲ್ಲರೋ ನಾನರಿಯೆ.

ನಮ್ಮ ಊರಿನ ಒಕ್ಕಲುತನದ ಸಲಕರಣೆಗಳಲ್ಲಿ ಈ ಬಗೆಯ ಅರಿವು ಎಲ್ಲೆಡೆ ಹರಡಿಕೊಂಡಿದೆ. ಕೂರಿಗೆಯನ್ನು ನೋಡಿ. ಮೇಲೆ ಕಾಳು ಹಾಕುವ ಕಟ್ಟಿಗೆಯ ಬಟ್ಟಲು, ಅದರ ತೂತುಗಳಿಂದ ಇಳಿಯುವ ಬಿದಿರಿನ ಕೊಳವೆಗಳು. ಬಿದಿರು ತೂತಿನಲ್ಲಿ ಬಿಗಿಯಾದರೆ ಬಟ್ಟಲು ಸೀಳೀತು, ಸಡಿಲಾದರೆ ಕಾಳು ಪಕ್ಕಕ್ಕೆ ಸುರಿದೀತು. ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಹಾಕುವಾಗ ಕಮ್ಮಾರನು ಪಟ್ಟಿಯನ್ನು ಗಾಲಿಗಿಂತ ತುಸು ಕಿರಿದಾಗಿಯೇ ಬಡಿದಿರುತ್ತಾನೆ. ಬೆಂಕಿಯಲ್ಲಿ ಕಾಸಿದಾಗ ಅದು ಹಿಗ್ಗಿ ಗಾಲಿಯ ಮೇಲೆ ಕೂಡುತ್ತದೆ, ನೀರು ಸುರಿದಾಗ ಕುಗ್ಗಿ ಹಿಡಿಯುತ್ತದೆ. ಕೀಲು, ಬೆಣೆ, ಕಡೆಗೀಲು ಎಂಬ ಮಾತುಗಳು ವಚನಕಾರರ ಕಾಲಕ್ಕೇ ಕನ್ನಡದಲ್ಲಿ ರೂಢವಾಗಿದ್ದವು. ಈ ಮಾತುಗಳನ್ನು ದಿನವೂ ಬಳಸುತ್ತಿದ್ದ ಜನರ ಕೈಗೆ ಬಾಣ ಬಂದಾಗ, ಅವರು ಅದನ್ನು ತಮಗೆ ಗೊತ್ತಿದ್ದ ಕೆಲಸದ ಮುಂದುವರಿಕೆ ಎಂದೇ ನೋಡಿರಬೇಕು. ಇದು ನನ್ನ ಊಹೆ. ಆದರೆ ಬುಡವಿಲ್ಲದ ಊಹೆಯಲ್ಲ.

ಈ ಊಹೆಗೆ ಇಂಬು ಕೊಟ್ಟದ್ದು ಒಂದು ಸಣ್ಣ ಪ್ರಸಂಗ. ನೆರೆಮನೆಯ ಹುಡುಗನಿಗೆ ಅವನ ಸೋದರಮಾವ ಬೆಂಗಳೂರಿನಿಂದ ಮಾದರಿ ರಾಕೆಟ್ಟಿನ ಪೆಟ್ಟಿಗೆಯೊಂದನ್ನು ತಂದುಕೊಟ್ಟಿದ್ದ. ಕಾಗದದ ಕೊಳವೆ, ಪ್ಲಾಸ್ಟಿಕ್ಕಿನ ಮೂತಿ, ಹಗುರ ಮರದ ಮೂರು ರೆಕ್ಕೆ, ಎರಡು ಬಳೆ, ರಬ್ಬರಿನ ದಾರ, ಪುಟ್ಟದೊಂದು ಧುಮುಕುಕೊಡೆ. ಮದ್ದು ಅದರಲ್ಲಿ ಇರಲಿಲ್ಲ, ಇರಬೇಕಾದ್ದೂ ಇಲ್ಲ. ಹುಡುಗ ಅಂಟಿನ ಸೀಸೆ ತೆರೆದು ಒಂದು ರೆಕ್ಕೆಯನ್ನು ಆಗಲೇ ಹಚ್ಚಿಬಿಟ್ಟಿದ್ದ. ನಾನು ಸ್ವಲ್ಪ ತಡೆದು ನೋಡೆಂದರೆ, “ಕಾಕಾ, ಚಿತ್ರದಾಗ ತೋರಿಸಿದಂಗೇ ಹಚ್ಚೀನಲ್ರೀ, ಮತ್ತೇನು ನೋಡಾದದ?” ಎಂದ. ಅಷ್ಟರಲ್ಲಿ ನಮ್ಮ ಓಣಿಯ ಬಡಿಗರು ಬಂದರು. ಕೂರಿಗೆ ಮಾಡಿ ಪಳಗಿದ ಕೈ. ರಾಕೆಟ್ಟನ್ನು ಅವರು ಹಿಂದೆ ಕೈಯಲ್ಲಿ ಹಿಡಿದವರಲ್ಲ. ಕೊಳವೆಯನ್ನು ಕಣ್ಣಿನ ನೇರಕ್ಕೆ ಎತ್ತಿ ಒಂದು ಕಣ್ಣು ಮುಚ್ಚಿ ನೋಡಿದರು. “ತಮ್ಮಾ, ಮೊದಲ ಒಣಾ ಕೂಡಿಸಿ ನೋಡು. ಆಮ್ಯಾಲ ಅಂಟು,” ಎಂದರು. ಬಳಿಕ ಕೊಳವೆಯನ್ನು ಬಾಗಿಲ ಚೌಕಟ್ಟಿನ ಮೂಲೆಗೆ ಒತ್ತಿ ಹಿಡಿದು, ಚೌಕಟ್ಟಿನ ಅಂಚನ್ನೇ ಅಳತೆಪಟ್ಟಿಯಾಗಿ ಮಾಡಿಕೊಂಡು, ಕೊಳವೆಯುದ್ದಕ್ಕೂ ಮೂರು ನೇರ ಗೆರೆ ಎಳೆದುಕೊಟ್ಟರು. ದುಂಡು ಕೊಳವೆಯ ಮೇಲೆ ನೇರ ಗೆರೆ ಎಳೆಯುವುದಕ್ಕೆ ಅದಕ್ಕಿಂತ ಸುಲಭದ ಹಾದಿ ಇಲ್ಲ.

ಆ ಪೆಟ್ಟಿಗೆಯ ಒಂದೊಂದು ಕೂಡಿಕೆಗೂ ಒಂದೊಂದು ಹದವಿದೆ. ರೆಕ್ಕೆಗಳು ಕೊಳವೆಯುದ್ದಕ್ಕೆ ನೇರವಾಗಿ, ಸುತ್ತಲೂ ಸಮದೂರದಲ್ಲಿ ನಿಲ್ಲಬೇಕು. ಮದ್ದಿನ ಗೂಡನ್ನು ಹಿಡಿಯುವ ಬಳೆಗಳು ಹೊರಗಿನ ಕೊಳವೆಯಲ್ಲಿ ಅಲುಗಾಡದೆ, ಒತ್ತಾಯಿಸದೆ ಕೂಡಬೇಕು. ಅಂಟು ಒಣಗುವ ಮುನ್ನ ಅರ್ಧದಲ್ಲಿ ಸಿಕ್ಕಿಕೊಂಡರೆ ಮುಂದೆ ಸಾಗದು, ಹಿಂದಕ್ಕೂ ಬಾರದು. ಮೂತಿಯ ಹದ ಎಲ್ಲಕ್ಕಿಂತ ನಾಜೂಕು. ಅದು ಹಾರುವಾಗ ಕಳಚಬಾರದು. ಮೇಲೇರಿ ನಿಂತ ಮೇಲೆ ಒಳಗಿನ ಸಣ್ಣ ಸಿಡಿತಕ್ಕೆ ಕಳಚಿ ಧುಮುಕುಕೊಡೆಯನ್ನು ಹೊರಕ್ಕೆ ಬಿಡಲೇಬೇಕು. ಬಿಗಿಯಾದರೆ ಉಜ್ಜುಕಾಗದದಿಂದ ಸವರುತ್ತಾರೆ, ಸಡಿಲಾದರೆ ಒಂದು ಸುತ್ತು ಅಂಟುಪಟ್ಟಿ ಸುತ್ತುತ್ತಾರೆ. ಎಲ್ಲ ಕೂಡಿದ ಮೇಲೆ, ಸಮತೂಕದ ಜಾಗಕ್ಕೆ ದಾರ ಕಟ್ಟಿ ತಲೆಯ ಸುತ್ತ ಬೀಸಿ ನೋಡುವುದು ಆ ಹವ್ಯಾಸಿಗಳ ವಾಡಿಕೆ. ಮೂತಿ ಮುಂದಾಗಿ ತಿರುಗಿದರೆ ರಾಕೆಟ್ಟು ನೆಟ್ಟಗೆ ಹೋದೀತು. ಬಾಲ ಮುಂದಾದರೆ ಭಾರ ಹಿಂದಕ್ಕೆ ಬಿದ್ದಿದೆ ಎಂದರ್ಥ. ಗಾಳಿ ಒತ್ತುವ ಕೇಂದ್ರಕ್ಕಿಂತ ಭಾರದ ಕೇಂದ್ರ ಕೊಳವೆಯ ಒಂದು ದಪ್ಪದಷ್ಟಾದರೂ ಮುಂದಿರಬೇಕೆಂಬುದು ಅವರ ಸೂತ್ರ. ಶ್ರೀರಂಗಪಟ್ಟಣದ ಬಿದಿರು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಮೂರು ರೆಕ್ಕೆಗಳು ಮಾಡುತ್ತವೆ.

ಈ ಆಟಿಕೆಯ ಹುಟ್ಟಿನಲ್ಲಿ ಒಂದು ವಿಚಿತ್ರವಿದೆ. ಇದನ್ನು 1954ರಲ್ಲಿ ರೂಪಿಸಿದವನು ಅಮೆರಿಕದ ನೆಬ್ರಾಸ್ಕಾ ಪ್ರಾಂತದ ನಾರ್ಫೋಕ್ ಎಂಬ ಊರಿನಲ್ಲಿ ಪಾದರಕ್ಷೆಯ ಅಂಗಡಿ ಇಟ್ಟಿದ್ದ ಆರ್ವಿಲ್ ಕಾರ್ಲೈಲ್. ಬಾಣಬಿರುಸು ಅವನ ಹವ್ಯಾಸ. 1957ರಲ್ಲಿ ರಷ್ಯದ ಸ್ಪುಟ್ನಿಕ್ ಹಾರಿದ ಮೇಲೆ ಅಮೆರಿಕದ ಹುಡುಗರು ಕಬ್ಬಿಣದ ಕೊಳವೆಗಳಿಗೆ ಕೈಗೆ ಸಿಕ್ಕಿದ ಮದ್ದು ತುಂಬಿ ಕೈಕಾಲು ಕಳೆದುಕೊಳ್ಳತೊಡಗಿದರು. ಕಾರ್ಲೈಲನ ಮಾದರಿಯಲ್ಲಿ ಲೋಹದ ಕೊಳವೆಗೆ ಜಾಗವಿರಲಿಲ್ಲ. ಕಾಗದ, ಮರ, ಪ್ಲಾಸ್ಟಿಕ್ ಮಾತ್ರ. ಮದ್ದು ಕಾರ್ಖಾನೆಯಲ್ಲೇ ತುಂಬಿ ಬರಬೇಕು. ಹ್ಯಾರಿ ಸ್ಟೈನ್ ಎಂಬ ಎಂಜಿನಿಯರ್ ಅದಕ್ಕೆ ಸುರಕ್ಷೆಯ ನಿಯಮಗಳನ್ನು ಕಟ್ಟಿಕೊಟ್ಟನು. ಮೈಸೂರಿನವರು ಕಾಗದವನ್ನು ಬಿಟ್ಟು ಕಬ್ಬಿಣಕ್ಕೆ ಹೋದದ್ದು ಕೊಲ್ಲುವುದಕ್ಕಾಗಿ. ಇವರು ಕಬ್ಬಿಣವನ್ನು ಬಿಟ್ಟು ಕಾಗದಕ್ಕೆ ಮರಳಿದ್ದು ಮಕ್ಕಳು ಬದುಕಲೆಂದು.

ಮೈಸೂರಿನ ಬಾಣ ಕೊಲ್ಲುವುದಕ್ಕಾಗಿಯೇ ಇತ್ತು ಎಂಬುದನ್ನು ಮರೆಯಕೂಡದು. ಟಿಪ್ಪುವಿನ ಸೈನ್ಯದ ನಿಯಮಗಳನ್ನು ಹೇಳುವ ‘ಫತ್ಹುಲ್ ಮುಜಾಹಿದೀನ್’ ಗ್ರಂಥದ ಪ್ರಕಾರ ಪ್ರತಿ ಕುಶೂನಿಗೆ, ಎಂದರೆ ದಳಕ್ಕೆ, 200 ಮಂದಿ ಬಾಣದವರು. 1780ರ ಸೆಪ್ಟೆಂಬರ್ 10ರಂದು ಕಂಚಿಯ ಬಳಿಯ ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಪಡೆ ನುಚ್ಚುನೂರಾಯಿತು. ಅವನ ಮದ್ದಿನ ಬಂಡಿಗಳು ಸಿಡಿದದ್ದು ಆ ಸೋಲಿನ ನಿರ್ಣಾಯಕ ಗಳಿಗೆ. ಬಾಣದ ಬೆಂಕಿಯೇ ಅದಕ್ಕೆ ಕಾರಣವಿರಬಹುದು ಎನ್ನುವವರಿದ್ದಾರೆ, ಫಿರಂಗಿ ಎನ್ನುವವರೂ ಇದ್ದಾರೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗಿನ ಗೋಡೆಯ ಮೇಲೆ ಆ ಸಿಡಿತವನ್ನು ಇಂದಿಗೂ ನೋಡಬಹುದು. 1799ರ ಏಪ್ರಿಲ್ 5ರ ರಾತ್ರಿ ಸುಲ್ತಾನಪೇಟೆಯ ತೋಪಿನಲ್ಲಿ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಪಡೆ ಕತ್ತಲೆಯಲ್ಲಿ ಬಾಣಗಳಿಗೂ ಗುಂಡುಗಳಿಗೂ ಸಿಕ್ಕಿ ದಿಕ್ಕುಗೆಟ್ಟಿತು; 12 ಮಂದಿ ಸೆರೆಯಾದರು, ಅವರನ್ನು ಆಮೇಲೆ ಕೊಲ್ಲಲಾಯಿತು. ಮುಂದೆ ವೆಲಿಂಗ್ಟನ್ ದೊರೆಯಾಗಿ ವಾಟರ್‌ಲೂನಲ್ಲಿ ಗೆದ್ದವನೂ ಇವನೇ. ಬಾಣಗಳ ಮೇಲೆ ಅವನಿಗೆ ಭರವಸೆ ಹುಟ್ಟಲಿಲ್ಲ.

ಭರವಸೆ ಹುಟ್ಟದಿದ್ದುದಕ್ಕೆ ಕಾರಣವೂ ಇದೆ. ಗುಂಪಿನ ಮೇಲೆ, ಕುದುರೆಗಳ ಮೇಲೆ, ಮದ್ದಿನ ಬಂಡಿಗಳ ಮೇಲೆ ಬಾಣ ಭೀಕರ. ಒಂದು ಗುರಿಯನ್ನು ತೋರಿಸಿ ಹೊಡೆಯೆಂದರೆ ಅದು ತಪ್ಪುತ್ತಿತ್ತು. ದೋಷ ಕೂಡಿಕೆಯಲ್ಲೇ ಅಡಗಿತ್ತು. ಕೋಲನ್ನು ಕೊಳವೆಯ ಪಕ್ಕಕ್ಕೆ ಕಟ್ಟಿದಾಗ ಇಡೀ ಬಾಣದ ಭಾರದ ಕೇಂದ್ರ ಕೊಳವೆಯ ನಡುಗೆರೆಯ ಮೇಲಿರದೆ ಕೋಲಿನ ಕಡೆಗೆ ಸರಿಯುತ್ತದೆ. ಮದ್ದಿನ ನೂಕು ಮಾತ್ರ ನಡುಗೆರೆಯುದ್ದಕ್ಕೇ ಹೋಗುತ್ತದೆ. ಎರಡೂ ಒಂದೇ ಗೆರೆಯಲ್ಲಿ ಬೀಳದೆ ಬಾಣ ಸದಾ ಒಂದು ಕಡೆಗೆ ತಿರುಚಿಕೊಳ್ಳಲು ನೋಡುತ್ತದೆ. ಮದ್ದು ಉರಿದು ಮುಗಿಯುತ್ತ ಬಂದಂತೆ ಕೊಳವೆ ಹಗುರಾಗಿ ಸಮತೂಕ ಇನ್ನಷ್ಟು ಜಾರುತ್ತದೆ. ತೊಗಲನ್ನು ಎಷ್ಟು ಚೆನ್ನಾಗಿ ಬಿಗಿದರೂ ಈ ದೋಷ ಹೋಗುವುದಿಲ್ಲ. ಮೇಲಾಗಿ ಕೈಯಿಂದ ಬಡಿದ ಕೊಳವೆ ಒಂದರಂತೆ ಒಂದಿರುವುದಿಲ್ಲ, ಬಿದಿರಂತೂ ಒಂದರಂತೆ ಒಂದು ಬೆಳೆಯುವುದೇ ಇಲ್ಲ. ಪ್ರತಿ ಬಾಣಕ್ಕೂ ಅದರದೇ ಸಮತೂಕ. ಮೈಸೂರಿನ ಕುಶಲಿಗಳ ಹಿರಿಮೆಯೂ ಇತಿಮಿತಿಯೂ ಇರುವುದು ಇದೇ ಜಾಗದಲ್ಲಿ ಎಂದು ನನ್ನ ಎಣಿಕೆ.

ಶ್ರೀರಂಗಪಟ್ಟಣದ ಬಾಣಗಳು ಇಂಗ್ಲೆಂಡಿಗೆ ಹೋದ ಮೇಲೆ ನಡೆದದ್ದನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ವೂಲಿಚ್‌ನಲ್ಲಿ ವಿಲಿಯಂ ಕಾಂಗ್ರೀವ್ 1804ರ ಸುಮಾರಿಗೆ ಪ್ರಯೋಗ ಆರಂಭಿಸಿದನು. 1806ರಲ್ಲಿ ಫ್ರಾನ್ಸಿನ ಬೂಲೋನ್ ಬಂದರಿನ ಮೇಲೆ, 1807ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ಮೇಲೆ ಅವನ ಬಾಣಗಳು ಬಿದ್ದವು. 1814ರಲ್ಲಿ ಬಾಲ್ಟಿಮೋರಿನ ಮೆಕ್‌ಹೆನ್ರಿ ಕೋಟೆಯ ಮೇಲೆ ಬಿದ್ದವು ಅಮೆರಿಕದ ರಾಷ್ಟ್ರಗೀತೆಯೊಳಗೇ ಸೇರಿಕೊಂಡಿವೆ. ಅವನ 32 ಪೌಂಡಿನ ಬಾಣದ ಕೊಳವೆ ಮೂರೂವರೆ ಅಡಿ, ಕೋಲು 15 ಅಡಿ. ಮೊದಲಿಗೆ ಅವನೂ ಕೋಲನ್ನು ಪಕ್ಕಕ್ಕೇ ಕೂಡಿಸಿದನು. ತೊಗಲಿನ ಜಾಗದಲ್ಲಿ ಕಬ್ಬಿಣದ ಪಟ್ಟಿ ಬಂತು. ದೋಷ ಹಾಗೆಯೇ ಉಳಿಯಿತು. 1815ರ ಹೊತ್ತಿಗೆ ಅವನು ಕೋಲನ್ನು ಪಕ್ಕದಿಂದ ತೆಗೆದು ಕೊಳವೆಯ ಹಿಂಬದಿಯ ನಟ್ಟನಡುವಿಗೆ ತಿರುಪಿನಿಂದ ಕೂಡಿಸಿ, ಹೊಗೆ ಹೊರಡುವ ರಂಧ್ರಗಳನ್ನು ಅದರ ಸುತ್ತ ಇಟ್ಟನು. ಅದೊಂದು ಬದಲಾವಣೆಯಿಂದ ನೂಕು ಮತ್ತು ಭಾರ ಒಂದೇ ಗೆರೆಗೆ ಬಂದವು. 1844ರಲ್ಲಿ ವಿಲಿಯಂ ಹೇಲ್ ಕೋಲನ್ನೇ ಕೈಬಿಟ್ಟನು. ಹೊಗೆಯನ್ನು ಓರೆಯಾಗಿ ತಿರುಗಿಸಿ ಬಾಣ ತನ್ನ ಸುತ್ತ ತಾನೇ ಬುಗುರಿಯಂತೆ ತಿರುಗುವ ಹಾಗೆ ಮಾಡಿದನು.

ಕಾಂಗ್ರೀವನಿಗೆ ಇದು ಸಾಧ್ಯವಾದದ್ದು ಅವನ ಬುದ್ಧಿವಂತಿಕೆ ಒಂದರಿಂದಲೇ ಅಲ್ಲ. ಅವನ ಹಿಂದೆ ಒಂದೇ ಅಳತೆಯ ವಸ್ತುವನ್ನು ಸಾವಿರಗಟ್ಟಲೆ ತಯಾರಿಸುವ ಕಾರ್ಖಾನೆಯಿತ್ತು. ಹಾರಿಸಿ ನೋಡಿ, ಅಳೆದು, ಬರೆದಿಟ್ಟು, ಅಚ್ಚು ಹಾಕಿಸುವ ಪದ್ಧತಿಯಿತ್ತು. ನಮ್ಮಲ್ಲಿ ಅಳತೆ ಕೈಯಲ್ಲಿತ್ತು, ಕೈಯ ಒಡೆಯ ಸತ್ತಾಗ ಅಳತೆಯೂ ಅವನ ಜೊತೆ ಹೋಯಿತು. ಒಬ್ಬ ಬಾಣಗಾರನ ಹೆಸರೂ ನಮಗೆ ಉಳಿದಿಲ್ಲ. ಪಾಳೆಯಗಾರರ ಹೆಸರು, ಅವರ ಕುದುರೆಗಳ ಹೆಸರೂ ಸಿಗುವ ನಾಡಿನಲ್ಲಿ ಇದೊಂದು ನಷ್ಟವೆಂದು ಯಾರಿಗೂ ತೋರಿದಂತಿಲ್ಲ.

ಆ ಒಂಬತ್ತು ಸಾವಿರ ಬರಿಗೊಳವೆಗಳ ಮಾತಿಗೆ ಬರುತ್ತೇನೆ. ಮದ್ದನ್ನೂ ಕೋಲನ್ನೂ ಕೂಡಿಸಲು ಬಿಡುವಾಗಲಿಲ್ಲ ಎನ್ನುವುದು ಒಂದು ಓದು. ಆ ಓದು ಪೂರ್ತಿ ನ್ಯಾಯವಲ್ಲ. ಮದ್ದು ತುಂಬಿದ ಕೊಳವೆಯನ್ನು ಕೂಡಿಡುವುದು ಅಪಾಯ. ಮದ್ದು ತೇವ ಹೀರುತ್ತದೆ, ಕಿಡಿ ಬಿದ್ದರೆ ಎಲ್ಲವೂ ಒಂದಾಗಿ ಹೋಗುತ್ತದೆ. ಕೋಟೆ ಬೀಳುವ ಎರಡು ದಿನ ಮೊದಲು, ಮೇ 2ರಂದು, ಇಂಗ್ಲಿಷರ ಗುಂಡೊಂದು ಕೋಟೆಯೊಳಗಿನ ಬಾಣಗಳ ಉಗ್ರಾಣಕ್ಕೆ ತಗುಲಿ ಭಾರಿ ಸ್ಫೋಟವಾಗಿತ್ತು. ಕೊಳವೆಗಳನ್ನು ಬರಿದಾಗಿ ಇಟ್ಟು, ಬೇಕಾದಾಗ ತುಂಬಿ ಕಟ್ಟುವುದು ವಿವೇಕದ ಪದ್ಧತಿಯೇ. ಆದರೆ ಆ ವಿವೇಕಕ್ಕೆ ಒಂದು ಬೆಲೆಯಿದೆ. ಕಟ್ಟಬಲ್ಲ ಕೈಗಳು ಸಾಕಷ್ಟಿರಬೇಕು, ಕಟ್ಟಲು ಹೊತ್ತಿರಬೇಕು. ಹಸಿ ತೊಗಲು ಮುತ್ತಿಗೆಯ ಅವಸರವನ್ನು ನೋಡಿ ಬೇಗ ಒಣಗುವುದಿಲ್ಲ.

ಇಪ್ಪತ್ತನೆಯ ಶತಮಾನಕ್ಕೆ ಬಂದರೂ ಈ ಮಾತು ಹಳತಾಗಿಲ್ಲ. 1963ರ ನವೆಂಬರ್ 21ರಂದು ಕೇರಳದ ತುಂಬಾದಿಂದ ಭಾರತದ ನೆಲದ ಮೊದಲ ಶೋಧರಾಕೆಟ್ಟು ಹಾರಿದಾಗ ಅದರ ಜೋಡಣೆಯ ಹೊಣೆ ಹೊತ್ತವರು ತರುಣ ಎ.ಪಿ.ಜೆ. ಅಬ್ದುಲ್ ಕಲಾಂ. ರಾಕೆಟ್ಟನ್ನು ಎತ್ತುವ ಕ್ರೇನು ಸೋರತೊಡಗಿದಾಗ ಅವರೆಲ್ಲ ಕೈಯಾರೆ ಎತ್ತಿ ಅದನ್ನು ಅದರ ನೆಲೆಗೆ ಕೂಡಿಸಿದರು. ಅಮೆರಿಕದ ವಾಲಪ್ಸ್ ದ್ವೀಪದ ನೆಲೆಯ ಹಜಾರದಲ್ಲಿ ಟಿಪ್ಪುವಿನ ಬಾಣದವರ ಚಿತ್ರವನ್ನು ಕಂಡು ಬೆರಗಾದ ಸಂಗತಿಯನ್ನು ತಮ್ಮ ಆತ್ಮಕಥೆಯಲ್ಲಿ ಬರೆದವರೂ ಅವರೇ. ಅವರ ಮುಂದಾಳುತನದಲ್ಲಿ 1979ರ ಆಗಸ್ಟ್ 10ರಂದು ಶ್ರೀಹರಿಕೋಟದಿಂದ ಹಾರಿದ ಎಸ್.ಎಲ್.ವಿ.-3 ಬಂಗಾಳ ಕೊಲ್ಲಿಗೆ ಬಿದ್ದಿತು. ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆಯಲ್ಲಿ ಸಣ್ಣದೊಂದು ಕವಾಟ ಸರಿಯಾಗಿ ಮುಚ್ಚಿಕೊಳ್ಳದೆ ಆಮ್ಲ ಸೋರಿಹೋಗಿತ್ತು. ಮರುವರ್ಷ ಜುಲೈ 18ರಂದು ಅದೇ ಬಗೆಯ ರಾಕೆಟ್ಟು ರೋಹಿಣಿಯನ್ನು ಕಕ್ಷೆಗೆ ಮುಟ್ಟಿಸಿತು.

ನಮ್ಮ ಬಸವಸಾಗರ ಅಣೆಕಟ್ಟಿನ ಗೇಟುಗಳನ್ನು ನೋಡಬರುವವರು ಉಕ್ಕಿನ ಬಾಗಿಲನ್ನು ಬೆರಗಿನಿಂದ ನೋಡುತ್ತಾರೆ. ಇಂಥ ಬಾಗಿಲಿನ ಅಂಚಿಗೆ ನೀರು ಸೋರದಂತೆ ಹಾಕುವ ರಬ್ಬರಿನ ಪಟ್ಟಿಯ ಕಡೆಗೆ ಯಾರ ಕಣ್ಣೂ ಹೋಗುವುದಿಲ್ಲ. ಅಲ್ಲಿ ಸೋರಿದರೆ ಒಂದಿಷ್ಟು ನೀರು ಹೋದೀತು. ಅಮೆರಿಕದ ‘ಚಾಲೆಂಜರ್’ ವ್ಯೋಮನೌಕೆಯ ಪಕ್ಕದ ಎರಡು ದೊಡ್ಡ ಬಾಣಗಳು ಉಕ್ಕಿನ ಕೊಳವೆಯ ತುಂಡುಗಳನ್ನು ಒಂದರ ಮೇಲೆ ಒಂದು ಕೂಡಿಸಿ ಮಾಡಿದವು. ಒಳಗೆ ಗಟ್ಟಿ ಇಂಧನ. ತುಂಡುಗಳ ಸಂದಿಯಲ್ಲಿ ಬಿಸಿ ಹೊಗೆ ಸೋರದಂತೆ ರಬ್ಬರಿನ ಬಳೆಗಳು. 1986ರ ಜನವರಿ 28ರ ಬೆಳಗ್ಗೆ ಅಲ್ಲಿ ಕೊರೆಯುವ ಚಳಿ. ಚಳಿಗೆ ಸೆಡೆತ ರಬ್ಬರು ಸಂದಿಯನ್ನು ಹಿಡಿಯಲಿಲ್ಲ. 73 ಸೆಕೆಂಡುಗಳಲ್ಲಿ ಏಳು ಜೀವ ಹೋದವು. ಆ ಸಂದಿಯ ವಿಷಯವಾಗಿ ಎಂಜಿನಿಯರುಗಳು ಹಿಂದಿನ ರಾತ್ರಿಯೇ ಎಚ್ಚರಿಸಿದ್ದರು. ವಿಚಾರಣೆಯ ವೇಳೆ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಆ ರಬ್ಬರಿನ ತುಂಡನ್ನು ಮಂಜುಗಡ್ಡೆಯ ನೀರಿನ ಲೋಟದಲ್ಲಿ ಅದ್ದಿ ಎತ್ತಿ ತೋರಿಸಿದ. ಅದು ಮೊದಲಿನ ಆಕಾರಕ್ಕೆ ಕೂಡಲೇ ಮರಳಲಿಲ್ಲ.

ನಮ್ಮ ನಾಡಿನ ಬಾಣಗಳು ಮತ್ತೆ ಕಾಣಿಸಿಕೊಂಡದ್ದು ಈ ಶತಮಾನದಲ್ಲಿ. ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರ, ಹಿಂದಿನ ಬಿದನೂರು, 1763ರಲ್ಲಿ ಹೈದರನ ವಶವಾಗಿತ್ತು. ಅಲ್ಲಿಯ ತೋಟದ ಬಾವಿಯೊಂದರ ಹೂಳೆತ್ತುವಾಗ 2002ರಲ್ಲಿ ತುಕ್ಕು ಹಿಡಿದ ನೂರಕ್ಕೂ ಹೆಚ್ಚು ಕಬ್ಬಿಣದ ಕೊಳವೆಗಳು ಸಿಕ್ಕವು. ಅವು ಫಿರಂಗಿಯ ಗುಂಡುಗಳಲ್ಲ, ಬಾಣದ ಕೊಳವೆಗಳು ಎಂದು ಗುರುತಿಸಲು ಹತ್ತು ವರ್ಷಗಳ ಮೇಲೆ ಹಿಡಿಯಿತು. 2018ರ ಜುಲೈನಲ್ಲಿ ರಾಜ್ಯದ ಪುರಾತತ್ತ್ವ ಇಲಾಖೆಯವರು ಅಲ್ಲಿ ಅಗೆದಾಗ ಇನ್ನೂ ಸಾವಿರಕ್ಕೂ ಮಿಗಿಲಾದ ಕೊಳವೆಗಳು ಹೊರಬಂದವು. ಕೆಸರಿಗೆ ಮದ್ದಿನ ವಾಸನೆ ಇತ್ತಂತೆ. ಇನ್ನೂರು ವರ್ಷಕ್ಕೆ ಮಿಕ್ಕ ಕೆಸರು ಕಬ್ಬಿಣವನ್ನು ಬಿಟ್ಟುಕೊಟ್ಟಿತು. ಬಿದಿರು ಮತ್ತು ತೊಗಲು ಅಷ್ಟು ಕಾಲ ತಾಳುವ ವಸ್ತುಗಳಲ್ಲ. ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ವಸ್ತುಸಂಗ್ರಹಾಲಯದಲ್ಲಿ ಆ ಕೊಳವೆಗಳನ್ನು ನೋಡಹೋದವರು, ಒಂದೊಂದರ ಪಕ್ಕದಲ್ಲೂ ಒಂದು ಮಾರುದ್ದದ ಬಿದಿರನ್ನೂ ಅದರ ಸುತ್ತ ಒಣಗಿ ಬಿಗಿದ ತೊಗಲಿನ ಕಟ್ಟನ್ನೂ ಕಲ್ಪಿಸಿಕೊಂಡು ನೋಡಬೇಕಾಗುತ್ತದೆ.